ಸ್ತನ ಮರುರಚನೆ ಆದವರೆಲ್ಲ ‘ಛಲೋ ಅದರಿ’ ಅಂತಾರ. ಖರೇ ಸಮಾಧಾನ ತಿಳಿಯೋದು ಹ್ಯಾಂಗ?

ತೊಗರಿ_ಕಣಜ (ಕಲಬುರಗಿ)

ಎಲ್ಲರಿಗೂ ಶರಣು. ಕಲಬುರಗಿಯ ಒಂದು ಕ್ಯಾನ್ಸರ್ ಹೊರರೋಗಿ ವಿಭಾಗದ ಫಾಲೋಅಪ್ ಟೇಬಲ್ ಕಡೆಯಿಂದ ಈ ಪ್ರಶ್ನೆ. ಗಡ್ಡೆಗಾಗಿ ಸ್ತನ ತೆಗೆದು, ಮರುರಚನೆ ಮಾಡಿಸಿಕೊಂಡ ಹೆಣ್ಣುಮಕ್ಕಳು ಇಲ್ಲಿ ಬರ್ತಾರ. ಹೆಚ್ಚಿನವರದು ಬೆನ್ನಿನ ಸ್ನಾಯು ತಿರುಗಿಸಿ ತಂದ ಎಲ್‌ಡಿ ಫ್ಲಾಪ್ (ಫ್ಲಾಪ್ ಅಂದ್ರ ಮೈಯ ಬೇರೆ ಕಡಿಯಿಂದ ತಂದ ತುಂಡು). ಕೆಲವರು ಹೈದರಾಬಾದಿಗೋ, ಸೊಲ್ಲಾಪುರಕ್ಕೋ, ಬೆಂಗಳೂರಿಗೋ ಹೋಗಿ ಇಂಪ್ಲಾಂಟ್ (ಒಳಗ ಇಡೋ ಕೃತಕ ಚೀಲ) ಇಲ್ಲಾ ಹೊಟ್ಟೆಯ ಫ್ಲಾಪ್ ಮಾಡಿಸಿಕೊಂಡು, ಡ್ರೆಸ್ಸಿಂಗ್ ಮತ್ತ ತಪಾಸಣೆಗೆ ಇಲ್ಲಿಗೆ ಬರೋರು.

6 ವಾರಕ್ಕೆ “ಸಮಾಧಾನ ಅದ ಏನವ್ವ?” ಅಂತ ಕೇಳಿದರ ಎಲ್ಲರದೂ ಒಂದೇ ಮಾತು: “ಛಲೋ ಅದರಿ.” ರಿಜಿಸ್ಟರ್‌ನ್ಯಾಗ ‘ತೃಪ್ತಿ’ ಅಂತ ಟಿಕ್ ಬೀಳ್ತದ. ಅದೇ ಹೆಣ್ಣುಮಗಳು ಬಾಗಿಲ ಹೊರಗ ನರ್ಸ್ ಅಕ್ಕನ ಹತ್ರ “ಈ ಕಡಿ ಬ್ಲೌಸ್ ಸಡಲ ಆಗ್ಯಾದ, ಅರಿವಿ ಮಡಚಿ ಇಟ್ಕೊಂಡ್ರ ನಡೀತದೇನ್ರಿ” ಅಂತ ಕೇಳ್ತಾಳ. ಹಂಗಾದರ ಆ ಟಿಕ್‌ಗೆ ಅರ್ಥ ಏನು?

ಯಾವ ಪ್ರಶ್ನಾವಳಿ, ಯಾವಾಗ ಕೇಳಬೇಕು, ಯಾರು ಕೇಳಬೇಕು, ಓದು ಬರಹ ಇಲ್ಲದವರಿಗೆ ಹ್ಯಾಂಗ ಕೇಳಬೇಕು? ಅದಕ್ಕಿಂತ ಮುಖ್ಯ, ಅಸಮಾಧಾನಕ್ಕ ಕಾರಣ ಆಗೋದರಲ್ಲಿ ನಮ್ಮ ಕೈಯಾಗ ಸರಿಪಡಿಸಬಹುದಾದ್ದು ಯಾವುದು? ತಿಳಿದವರು ಬಿಡಿಸಿ ಹೇಳ್ರಿ.

---

ಬಿದರಿ_ಕುಸುರಿ (ಬೀದರ್)

ಒಂದೇ ಪ್ರಶ್ನೆಗೆ ಒಂದೇ ಟಿಕ್ ಹಾಕಿದರೆ ಮರ್ಯಾದೆಯ ಉತ್ತರವೇ ಸಿಗುತ್ತದೆ. ಜೀವ ಉಳಿಸಿದ ಡಾಕ್ಟರ ಎದುರು “ಮನಸಿಗೆ ಬಂದಿಲ್ಲ” ಎಂದು ನಮ್ಮ ಭಾಗದ ಹೆಣ್ಣುಮಗಳು ಹೇಳುವುದಿಲ್ಲ. ಆದ್ದರಿಂದ ಮೊದಲು ಕೇಳುವವರನ್ನು ಬದಲಿಸಿ. ಆಪರೇಷನ್ ಮಾಡಿದ ತಂಡದವರು ಕೇಳಬಾರದು, ಗಂಡ ಅಥವಾ ಅತ್ತೆ ಪಕ್ಕದಲ್ಲಿ ಕೂತಿರಬಾರದು, ಮಗಳನ್ನು ದುಭಾಷಿ ಮಾಡಬಾರದು.

ಪ್ರಶ್ನಾವಳಿಯ ವಿಷಯಕ್ಕೆ ಬಂದರೆ ‘ಬ್ರೆಸ್ಟ್-ಕ್ಯೂ’ ಬಿಟ್ಟು ಬೇರೆ ಹುಡುಕುವ ಅಗತ್ಯ ಕಾಣುವುದಿಲ್ಲ. ಆಂಡ್ರಿಯಾ ಪ್ಯೂಸಿಕ್ ಮತ್ತು ಸಂಗಡಿಗರು ಅದನ್ನು 2009ರಲ್ಲಿ ಪ್ರಕಟಿಸಿದರು. ಮರುರಚನೆಗೆಂದೇ ಬೇರೆ ವಿಭಾಗ ಇದೆ, ಆಪರೇಷನ್‌ಗೆ ಮೊದಲಿನದು ಮತ್ತು ನಂತರದ್ದು ಎಂದು ಎರಡು ರೂಪ. ಸ್ತನದ ಬಗ್ಗೆ ಸಮಾಧಾನ, ಮನಸ್ಸು ಮತ್ತು ಜನರ ನಡುವಿನ ಧೈರ್ಯ, ಎದೆಭಾಗದ ದೈಹಿಕ ಆರಾಮ, ದಾಂಪತ್ಯ, ಮೊದಲೇ ಸಿಕ್ಕ ಮಾಹಿತಿ, ಡಾಕ್ಟರು, ಸಿಬ್ಬಂದಿ ಹೀಗೆ ಬೇರೆ ಬೇರೆ ಮಾಪಕಗಳು. ಹೊಟ್ಟೆಯ ಫ್ಲಾಪ್ ಆದವರಿಗೆ ಹೊಟ್ಟೆಯ ಮಾಪಕ ಬೇರೆ ಇದೆ. ಎಲ್ಲವನ್ನೂ ಕೂಡಿಸಿ ಒಂದು ಒಟ್ಟು ಅಂಕ ತೆಗೆಯುವ ಹಾಗಿಲ್ಲ, ಪ್ರತಿ ಮಾಪಕಕ್ಕೂ 0ರಿಂದ 100ರ ತನಕ ತನ್ನದೇ ಅಂಕ. ಇಲ್ಲಿ ಬಹಳ ಜನ ಎಡವುತ್ತಾರೆ: ಉತ್ತರಗಳನ್ನು ಕೂಡಿಸಿ ನೇರವಾಗಿ ಶೇಕಡಾ ತೆಗೆಯುತ್ತಾರೆ. ಅದು ತಪ್ಪು. ಕೂಡಿಸಿದ ಸಂಖ್ಯೆಯನ್ನು ಅವರೇ ಕೊಡುವ ಕೋಷ್ಟಕದಲ್ಲಿ ನೋಡಿ ಬದಲಿಸಬೇಕು. ಒಂದು ಮಾಪಕದಲ್ಲಿ ಅರ್ಧಕ್ಕಿಂತ ಕಡಿಮೆ ಪ್ರಶ್ನೆ ಖಾಲಿ ಇದ್ದರೆ, ಉತ್ತರಿಸಿದವುಗಳ ಸರಾಸರಿಯನ್ನು ಅಲ್ಲಿ ತುಂಬಬಹುದು. ಅರ್ಧಕ್ಕಿಂತ ಹೆಚ್ಚು ಖಾಲಿಯಿದ್ದರೆ ಆ ಮಾಪಕವನ್ನೇ ಬಿಡಿ.

ಬದಲಾವಣೆ ಎಷ್ಟಿದ್ದರೆ ಲೆಕ್ಕಕ್ಕೆ? ಸ್ತನದ ಸಮಾಧಾನ, ಮನಸ್ಸು, ದಾಂಪತ್ಯ ಈ ಮೂರರಲ್ಲಿ 4 ಅಂಕ, ದೈಹಿಕ ಆರಾಮದಲ್ಲಿ 3 ಅಂಕ. ಅದಕ್ಕಿಂತ ಕಡಿಮೆ ಏರಿಳಿತಕ್ಕೆ ಕಥೆ ಕಟ್ಟಬೇಡಿ.

ಸಮಯ: ಆಪರೇಷನ್‌ಗೆ ಮೊದಲು ಒಮ್ಮೆ, ಇದನ್ನು ತಪ್ಪಿಸಿದರೆ ಮುಂದಿನದೆಲ್ಲ ನೆಲೆಯಿಲ್ಲದ ಸಂಖ್ಯೆ. ಆಮೇಲೆ 3 ತಿಂಗಳು, 1 ವರ್ಷ, 2 ವರ್ಷ. 6 ವಾರದ ಉತ್ತರ ಗಾಯ ಮಾಯುವುದರ ಬಗ್ಗೆ ಹೇಳುತ್ತದೆ, ಸ್ತನದ ಬಗ್ಗೆ ಅಲ್ಲ. ಊತ ಇಳಿದಿರುವುದಿಲ್ಲ, ಕಲೆ ಕೆಂಪಗೇ ಇರುತ್ತದೆ, ಕೀಮೋ ನಡೆದಿರುತ್ತದೆ.

ಅನುವಾದವನ್ನು ವಾರ್ಡಿನಲ್ಲಿ ಕೂತು ಮಾಡಿಕೊಳ್ಳಬೇಡಿ. ಹಕ್ಕು ಇರುವ ಕ್ಯೂ-ಪೋರ್ಟ್‌ಫೋಲಿಯೋದವರನ್ನು ಕೇಳಿ ಅನುಮತಿ ಪಡೆಯಬೇಕು. ಪದ್ಧತಿ ಇಷ್ಟು: ಇಬ್ಬರು ಬೇರೆ ಬೇರೆಯಾಗಿ ಅನುವಾದಿಸಬೇಕು, ಎರಡನ್ನೂ ಕೂಡಿಸಿ ಒಂದು ಮಾಡಬೇಕು, ಮೂಲ ನೋಡದ ಮೂರನೆಯವರು ಅದನ್ನು ಇಂಗ್ಲಿಷಿಗೆ ತಿರುಗಿಸಬೇಕು, ಕೊನೆಗೆ ಕೆಲವು ರೋಗಿಗಳಿಗೆ ಓದಿ ಹೇಳಿ “ಇದರಿಂದ ನಿಮಗೆ ಏನು ತಿಳೀತು” ಎಂದು ಕೇಳಬೇಕು. ಈ ಕೊನೆಯ ಹೆಜ್ಜೆಯಲ್ಲೇ ನಿಜವಾದ ತಪ್ಪುಗಳು ಸಿಗುವುದು. ‘ಎದೆ’ ಎಂಬ ಪದವನ್ನೇ ನೋಡಿ. ‘ಎದೆ ನೋವು’ ಎಂದರೆ ಹಾರ್ಟಿನ ತೊಂದರೆ ಎಂದುಕೊಳ್ಳುತ್ತಾರೆ. ‘ಎದಿ ಬಿಗಿದಂಗ ಆಗ್ತದೇನು’ ಎಂದರೆ ದಮ್ಮು ಅಥವಾ ಭಯ ಎಂದುಕೊಳ್ಳುತ್ತಾರೆ. ಪ್ರಶ್ನೆ ಕೇಳುತ್ತಿರುವುದು ಆಪರೇಷನ್ ಆದ ಜಾಗದ ಚರ್ಮ, ಸ್ನಾಯು ಎಳೆದಂತಾಗುವ ಬಗ್ಗೆ. ‘ಆಪರೇಷನ್ ಆದ ಕಡಿ ಎದಿ ಮ್ಯಾಲ ಎಳದಂಗ’ ಎಂದರೆ ತಿಳಿಯುತ್ತದೆ.

ಭಾಷೆಯೂ ಒಂದೇ ಅಲ್ಲ. ಔರಾದ್, ಭಾಲ್ಕಿ, ಬಸವಕಲ್ಯಾಣ ಕಡೆಯವರಿಗೆ ಮರಾಠಿ ಸಲೀಸು, ಗುರುಮಠಕಲ್, ಸೇಡಂ ಕಡೆ ತೆಲುಗು, ನಗರಗಳಲ್ಲಿ ದಖ್ಖನಿ ಉರ್ದು, ಚಿಂಚೋಳಿಯ ತಾಂಡಾಗಳಲ್ಲಿ ಲಂಬಾಣಿ. ಮನೆಮಾತು ಯಾವುದೆಂದು ಮೊದಲ ದಿನವೇ ಕೇಸ್ ಶೀಟಿನ ಮೇಲೆ ಬರೆಯಿರಿ.

---

ಕಾರಂಜಾ_ದಂಡೆ

ಪ್ಲಾಸ್ಟಿಕ್ ಸರ್ಜರಿ ಕಡೆಯಿಂದ ನೋಡಿದರೆ, ಅಸಮಾಧಾನ ಎಲ್ಲಿಂದ ಹುಟ್ಟುತ್ತದೆ ಅನ್ನೋದು ಯಾವ ಆಪರೇಷನ್ ಆಗಿದೆ ಅನ್ನೋದರ ಮೇಲೆ ನಿಂತಿದೆ. ಫಾಲೋಅಪ್‌ನಲ್ಲಿ ಎಲ್ಲರಿಗೂ ಒಂದೇ ಪ್ರಶ್ನೆ ಕೇಳಿದರೆ ಇದು ತಪ್ಪಿಹೋಗುತ್ತದೆ.

ನಿಮ್ಮಲ್ಲಿ ಹೆಚ್ಚಿರೋ ಎಲ್‌ಡಿಯಿಂದ ಶುರುಮಾಡ್ತೇನೆ. ಗಟ್ಟಿಮುಟ್ಟಾದ ಫ್ಲಾಪ್. ರಕ್ತನಾಳ ಕತ್ತರಿಸಿ ಜೋಡಿಸೋ ಕೆಲಸ ಇಲ್ಲ, ಮೈಕ್ರೋಸ್ಕೋಪ್ ಬೇಡ, ರೇಡಿಯೇಷನ್ ಆದ ಎದೆಗೂ ತಡೆದುಕೊಳ್ಳುತ್ತದೆ. ಆದರೆ ತಂದದ್ದು ಸ್ನಾಯು. ಕೆಲಸವಿಲ್ಲದ ಸ್ನಾಯು ತಿಂಗಳುಗಳಲ್ಲಿ ಸಣ್ಣಗಾಗುತ್ತದೆ. 6 ವಾರಕ್ಕೆ ಎರಡೂ ಕಡೆ ಸಮ ಕಂಡದ್ದು 1 ವರ್ಷಕ್ಕೆ ಒಂದು ಕಡೆ ಇಳಿದಿರುತ್ತದೆ. ಬ್ಲೌಸ್ ಸಡಿಲ ಆಗಿದೆ ಅನ್ನೋ ಮಾತಿನ ಹಿಂದೆ ಬಹುಮಟ್ಟಿಗೆ ಇರೋದು ಇದೇ. ಇನ್ನೊಂದು, ತೋಳು ಆಡಿಸಿದಾಗ ಹೊಸ ಸ್ತನ ತಾನಾಗಿಯೇ ಜಿಗಿದಂತೆ ಆಗೋದು. ಮೊದಲೇ ಹೇಳಿಲ್ಲದಿದ್ದರೆ ಹೆದರುತ್ತಾರೆ. ಬೆನ್ನಿನ ಚರ್ಮದ ತುಂಡು ಎದೆಯ ಚರ್ಮಕ್ಕಿಂತ ದಪ್ಪ, ಬಣ್ಣವೂ ಬೇರೆ, ಆ ತೇಪೆ ಕಾಣುತ್ತದೆ. ಬೆನ್ನಲ್ಲಿ ನೀರು ತುಂಬೋದು ಈ ಆಪರೇಷನ್ನಿನ ಅತಿ ಸಾಮಾನ್ಯ ತೊಡಕು. ಆ ನೀರು ಹೊರಗೆ ಹರಿಸೋ ನಳಿಕೆಯನ್ನು (ಡ್ರೇನ್) ದಿನ ಎಣಿಸಿ ತೆಗೆಯಬಾರದು, 24 ಗಂಟೆಗೆ 30 ಮಿ.ಲೀ.ಗಿಂತ ಕಡಿಮೆ ಬಂದಾಗ ತೆಗೆಯಬೇಕು. ಆಪರೇಷನ್ನಿನಲ್ಲೇ ಬೆನ್ನಿನ ಚರ್ಮವನ್ನು ಕೆಳಗಿನ ಪದರಕ್ಕೆ ಅಲ್ಲಲ್ಲಿ ಹೊಲಿದರೆ, ಕೌದಿ ಹೊಲಿದ ಹಾಗೆ, ನೀರು ತುಂಬೋದು ಕಡಿಮೆ.

ಇಂಪ್ಲಾಂಟಿನಲ್ಲಿ ಆಪರೇಷನ್ ಚಿಕ್ಕದು, ಬೇರೆ ಕಡೆ ಗಾಯ ಇಲ್ಲ, ಬೇಗ ಮನೆಗೆ ಹೋಗ್ತಾರೆ. ಮೊದಲ ತಿಂಗಳುಗಳಲ್ಲಿ ಇವರೇ ಖುಷಿಯಾಗಿ ಕಾಣೋದು. ಆಮೇಲೆ ರೇಡಿಯೇಷನ್ ಬಂತು ಅಂದರೆ ಕಥೆ ಬದಲಾಗುತ್ತದೆ. ಇಂಪ್ಲಾಂಟಿನ ಸುತ್ತ ದೇಹ ಕಟ್ಟಿಕೊಳ್ಳೋ ಪೊರೆ ಕುಗ್ಗಿ ಗಟ್ಟಿಯಾಗುತ್ತದೆ. ಬೇಕರ್ ಅಳತೆಯಲ್ಲಿ 1 ಅಂದರೆ ಮೆತ್ತಗೆ, 3 ಅಂದರೆ ಗಟ್ಟಿಯಾಗಿ ಆಕಾರ ಕೆಟ್ಟಿದೆ, 4 ಅಂದರೆ ಜೊತೆಗೆ ನೋವು. ರೇಡಿಯೇಷನ್ ಇಲ್ಲದವರಲ್ಲೂ ವರ್ಷ ಕಳೆದಂತೆ ಸಹಜ ಸ್ತನ ಇಳಿಯುತ್ತದೆ, ಇಂಪ್ಲಾಂಟ್ ಇದ್ದಲ್ಲೇ ಇರುತ್ತದೆ, ವ್ಯತ್ಯಾಸ ಹೆಚ್ಚುತ್ತದೆ. ಎಕ್ಸ್‌ಪಾಂಡರ್ (ಚರ್ಮ ಹಿಗ್ಗಿಸಲು ಮೊದಲು ಇಡೋ ಚೀಲ, ಆಮೇಲೆ ಅದನ್ನು ತೆಗೆದು ಇಂಪ್ಲಾಂಟ್ ಇಡ್ತಾರೆ) ಹಾಕಿದವರಿಗೆ ವಾರಕ್ಕೋ ಎರಡು ವಾರಕ್ಕೋ ಒಮ್ಮೆ 50ರಿಂದ 100 ಮಿ.ಲೀ. ಸಲೈನ್ ತುಂಬಬೇಕು. ಸುರಪುರದ ಹಳ್ಳಿಯಿಂದ ಹೈದರಾಬಾದಿಗೆ ಅಷ್ಟು ಸಲ ಹೋಗಿಬರೋದು ಎಲ್ಲರಿಗೂ ಆಗೋ ಮಾತಲ್ಲ, ಅರ್ಧಕ್ಕೆ ನಿಂತ ಎಕ್ಸ್‌ಪಾಂಡರ್ ಜೊತೆಗೆ ತಿರುಗಾಡುವುದೇ ದೊಡ್ಡ ತ್ರಾಸ. ಅವರ ಕಾರ್ಡಿನ ಮೇಲೆ ದಪ್ಪಕ್ಷರದಲ್ಲಿ ಬರೆಯಿರಿ: ಸಲೈನ್ ತುಂಬೋ ಬಾಯಲ್ಲಿ (ಪೋರ್ಟ್) ಅಯಸ್ಕಾಂತ ಇದ್ದರೆ ಎಂಆರ್‌ಐ ಮಾಡುವಂತಿಲ್ಲ. ಇಂಪ್ಲಾಂಟ್ ಆಗಿ ವರ್ಷಗಳಾದ ಮೇಲೆ ಒಂದು ಕಡೆ ಇದ್ದಕ್ಕಿದ್ದಂತೆ ಊದಿದರೆ ನೋವಿನ ಗುಳಗಿ ಕೊಟ್ಟು ಕಳಿಸಬೇಡಿ. ಅಲ್ಟ್ರಾಸೌಂಡ್ ಮಾಡಿಸಿ, ನೀರಿದ್ದರೆ ತೆಗೆದು ಸಿಡಿ30 ಪರೀಕ್ಷೆಗೆ ಕಳಿಸಬೇಕು. ಒರಟು ಮೈಯ ಇಂಪ್ಲಾಂಟುಗಳ ಸುತ್ತ ಅಪರೂಪಕ್ಕೆ ಲಿಂಫೋಮಾ ಎಂಬ ಕ್ಯಾನ್ಸರ್ ಬರುತ್ತದೆ, ಅದೇ ಕಾರಣಕ್ಕೆ 2019ರಲ್ಲಿ ಅಲರ್ಗನ್ ಕಂಪನಿಯ ಬಯೋಸೆಲ್ ಮಾಲನ್ನು ಜಗತ್ತಿನಾದ್ಯಂತ ವಾಪಸ್ ತೆಗೆದುಕೊಂಡರು.

ಹೊಟ್ಟೆಯ ಫ್ಲಾಪಿನಲ್ಲಿ ಎರಡು ಬಗೆ. ಟ್ರಾಮ್‌ನಲ್ಲಿ ಹೊಟ್ಟೆಯ ಸ್ನಾಯುವನ್ನೂ ತೆಗೆದುಕೊಳ್ತಾರೆ, ಡೀಪ್‌ನಲ್ಲಿ ಸ್ನಾಯು ಬಿಟ್ಟು ಚರ್ಮ, ಕೊಬ್ಬು, ರಕ್ತನಾಳ ಮಾತ್ರ. ಟ್ರಾಮ್ ಆದವರಿಗೆ ಹೊಟ್ಟೆ ಉಬ್ಬೋದು, ಹರ್ನಿಯಾ ಆಗೋದು ಹೆಚ್ಚು. ನೆಲದಿಂದ ಏಳೋದು ಕಷ್ಟ ಅಂತ ಇವರು ಹೇಳೋದನ್ನು ಸ್ತನದ ಮಾಪಕ ಹಿಡಿಯೋದಿಲ್ಲ, ಹೊಟ್ಟೆಯದು ಹಿಡಿಯುತ್ತದೆ. ಡೀಪ್‌ಗೆ ಮೈಕ್ರೋಸರ್ಜರಿ ಬೇಕು, ದಿನವಿಡೀ ಆಪರೇಷನ್, ಮೊದಲ 48 ಗಂಟೆ ಫ್ಲಾಪಿನ ಬಣ್ಣ, ಬಿಸಿ, ಡಾಪ್ಲರ್ ಯಂತ್ರದಲ್ಲಿ ಕೇಳೋ ರಕ್ತದ ಹರಿವಿನ ಸದ್ದನ್ನು ತಾಸಿಗೊಮ್ಮೆ ನೋಡೋ ನರ್ಸಿಂಗ್ ಬೇಕು. ಅನುಭವ ಇರೋ ಕೇಂದ್ರದಲ್ಲೂ ನೂರರಲ್ಲಿ 1ರಿಂದ 3 ಫ್ಲಾಪ್ ಪೂರ್ತಿ ಕೈಕೊಡುತ್ತವೆ. ಟ್ಯೂಬೆಕ್ಟಮಿ, ಸಿಸೇರಿಯನ್ ಆದವರು ನಮ್ಮಲ್ಲಿ ಬಹಳ. ಕೆಳಗಿನ ಅಡ್ಡಗಾಯ ಸಾಮಾನ್ಯವಾಗಿ ಅಡ್ಡಿಯಲ್ಲ, ನಡುವಿನ ಉದ್ದಗಾಯ ಇದ್ದರೆ ಯೋಚಿಸಬೇಕು. ಸಿಟಿ ಆಂಜಿಯೋ ಮಾಡಿ ರಕ್ತನಾಳ ನೋಡಿಕೊಂಡೇ ಹೋಗಬೇಕು.

ಅಮೆರಿಕ, ಕೆನಡಾದ 11 ಕೇಂದ್ರಗಳು ಸೇರಿ ಮಾಡಿದ ಅಧ್ಯಯನದಲ್ಲಿ 2 ವರ್ಷಕ್ಕೆ ಸ್ತನದ ಸಮಾಧಾನದ ಅಂಕ ಸ್ವಂತ ಅಂಗಾಂಶದಿಂದ ಮಾಡಿಸಿಕೊಂಡವರಲ್ಲಿ ಇಂಪ್ಲಾಂಟಿನವರಿಗಿಂತ ಸುಮಾರು 8 ಹೆಚ್ಚಿತ್ತು. ಅದೇ ಅಧ್ಯಯನದಲ್ಲಿ ಎಲ್ಲ ಬಗೆ ಸೇರಿ ಮೂವರಲ್ಲಿ ಒಬ್ಬರಿಗೆ 2 ವರ್ಷದೊಳಗೆ ಏನಾದರೊಂದು ತೊಡಕು ಆಗಿತ್ತು. ಎರಡನೆಯ ಸಂಖ್ಯೆಯನ್ನೂ ರೋಗಿಗೆ ಹೇಳಬೇಕು. ತೊಡಕಿನ ಸಾಧ್ಯತೆ ತಿಳಿದು ಒಪ್ಪಿಕೊಂಡವಳಿಗೂ, ತಿಳಿಯದೆ ಸಿಕ್ಕಿಕೊಂಡವಳಿಗೂ ಅದೇ ನೀರು ತುಂಬಿದ ಬೆನ್ನು ಬೇರೆ ಬೇರೆ ಅನುಭವ.

ಒಂದು ಮರೆತೆ: ತಂಬಾಕು. ಬೀಡಿ ಸೇದದ ಹೆಂಗಸರನ್ನು “ಚಟ ಇಲ್ಲ” ಅಂತ ಬರೆದುಬಿಡ್ತಾರೆ. ಎಲೆ ಅಡಿಕೆ ಜೊತೆ ತಂಬಾಕು ಹಾಕೋದು, ಹಲ್ಲಿಗೆ ತಂಬಾಕಿನ ಪುಡಿ ತಿಕ್ಕೋದು ಎರಡರಲ್ಲೂ ನಿಕೋಟಿನ್ ರಕ್ತಕ್ಕೆ ಹೋಗುತ್ತದೆ, ಸಣ್ಣ ರಕ್ತನಾಳ ಬಿಗಿಯುತ್ತದೆ, ಚರ್ಮದ ಅಂಚು ಕಪ್ಪಾಗುತ್ತದೆ. ಮೊದಲು 4 ವಾರ, ಆಮೇಲೆ 4 ವಾರ ಪೂರ್ತಿ ಬಂದ್. ಹೆಸರಿಟ್ಟು ಕೇಳಿದರೆ ಮಾತ್ರ ಹೇಳ್ತಾರೆ.

---

ಭೀಮಾ_ತೀರ (ಯಾದಗಿರಿ)

ಮ್ಯಾಲಿನವರು ಆಕಾರದ ಮಾತು ಹೇಳ್ಯಾರ, ನಾ ಫಿಸಿಯೋಥೆರಪಿ ಕಡಿಂದ ಕೈ ಮತ್ತ ಚರ್ಮದ ಮಾತು ಹೇಳ್ತೀನಿ. ಸ್ತನ ಎಷ್ಟೇ ಚಂದ ಆಗಿರಲಿ, ರೊಟ್ಟಿ ಬಡಿಯಾಕ ಕೈ ಏಳಲಿಲ್ಲ ಅಂದ್ರ ಆಕಿಗೆ ಸಮಾಧಾನ ಇರಂಗಿಲ್ಲ.

ಮೊದಲನೇ ದಿನದಿಂದ ಬೆರಳು, ಮಣಿಕಟ್ಟು, ಮೊಳಕೈ ಆಡಸಬೇಕು. ಡ್ರೇನ್ ಇರೋತನಕ ಭುಜ 90 ಡಿಗ್ರಿ ದಾಟಬಾರದು. ಡ್ರೇನ್ ತೆಗೆದ ಮ್ಯಾಲ ಗೋಡಿ ಮ್ಯಾಲ ಬೆರಳು ಹತ್ತಿಸೋದು, ದಿನಕ್ಕ 3 ಸಲ, ಪ್ರತಿ ಸಲ 10. ಗೋಡಿಗೆ ಸೀಮೆಸುಣ್ಣದಿಂದ ಗುರುತು ಹಾಕಿಸ್ರಿ, ಎಷ್ಟು ಏರಿತು ಅಂತ ಆಕಿಗೇ ಕಾಣತದ. ಎಲ್‌ಡಿ ಆದವರಿಗೆ ಬಾವಿ ಹಗ್ಗ ಜಗ್ಗೋದು, ನೆಲಕ್ಕ ಕೈ ಊರಿ ಏಳೋದು, ತೊಗರಿ ಕೊಯ್ಯೋದು 6 ವಾರ ಬ್ಯಾಡ. ಹೊಟ್ಟಿ ಆಪರೇಷನ್ ಆದವರಿಗೂ 6 ವಾರ 5 ಕಿಲೋ ಮ್ಯಾಲ ಎತ್ತಂಗಿಲ್ಲ. ‘ಭಾರ ಎತ್ತಬೇಡಿ’ ಅಂದ್ರ ಯಾರಿಗೂ ತಿಳಿಯಂಗಿಲ್ಲ. ‘ತುಂಬಿದ ಕೊಡ ಎತ್ತಬ್ಯಾಡ, ಕೂಸಿನ್ನ ಬಗಲಿಗೆ ತಗೋಬ್ಯಾಡ, ಹತ್ತಿ ಬಿಡಿಸುವಾಗ ಚೀಲ ಹೆಗಲಿಗೆ ಕಟ್ಟಬ್ಯಾಡ’ ಅಂತ ಬಿಡಿಸಿ ಹೇಳಬೇಕು. ಮನಿಯಾಗ ಆ ಕೊಡ ಯಾರು ಎತ್ತತಾರ ಅನ್ನೋದನ್ನ ಡಿಸ್ಚಾರ್ಜ್ ದಿನ ಮನಿಯವರ ಎದುರಿಗೇ ಠರಾವ್ ಮಾಡಿ ಕಳಸ್ರಿ.

ಕೈ ಬಾವು ಬಂದದೇನು ಅಂತ ಪ್ರತಿ ಸಲ ಟೇಪ್ ಹಿಡೀರಿ. ಮೊಳಕೈಯಿಂದ ಮ್ಯಾಲ 10 ಸೆಂ.ಮೀ., ಕೆಳಗ 10 ಸೆಂ.ಮೀ., ಎರಡೂ ಕೈ. 2 ಸೆಂ.ಮೀ. ಫರಕ್ ಇತ್ತಂದ್ರ ಬಾವು ಶುರು ಆಗ್ಯಾದ ಅಂತ ಹಿಡಿದು ಕಳಸ್ರಿ. ಬಳಿ ಏರವಲ್ಲದು ಅಂತ ಆಕಿ ಮೊದಲ ಹೇಳಿರ್ತಾಳ, ನಾವು ಕೇಳಿರಂಗಿಲ್ಲ.

ಈಗ ಭಾಳ ಜರೂರ್ ಮಾತು. ಹೊಸ ಸ್ತನಕ್ಕ ಸ್ಪರ್ಶ ಇರಂಗಿಲ್ಲ. ವರ್ಷ ಎರಡು ವರ್ಷದಾಗ ಸ್ವಲ್ಪ ಬರಬಹುದು, ಮೊದಲಿನಂಗ ಬರಂಗಿಲ್ಲ. ನಮ್ಮ ಕಡಿ ನೋವು ಅಂದ್ರ ಕಾವು ಕೊಡೋದು ರೂಢಿ: ಬಿಸಿ ಇಟ್ಟಿಗಿ, ಬಿಸಿ ಉಪ್ಪಿನ ಗಂಟು, ಬಿಸಿನೀರ ಚೀಲ. ಮರಗಟ್ಟಿದ ಚರ್ಮಕ್ಕ ಸುಡೋದು ತಿಳಿಯಂಗಿಲ್ಲ, ಬೊಬ್ಬಿ ಎದ್ದು ಹುಣ್ಣಾಗತದ, ಇಂಪ್ಲಾಂಟ್ ಇದ್ದರ ಅದು ಹೊರಗ ಬರೋತನಕ ಹೋಗಬಹುದು. ಕಾವು ಬ್ಯಾಡೇ ಬ್ಯಾಡ ಅಂತ ಆಕಿಗೂ, ಮನಿಯಾಗ ಕಾವು ಕೊಡೋ ಹಿರೇರಿಗೂ ಹೇಳ್ರಿ. ಇಲ್ಲಿ ಬ್ಯಾಸಿಗ್ಯಾಗ 40 ಡಿಗ್ರಿ ದಾಟತದ. ಸ್ತನದ ಕೆಳಗಿನ ಮಡಿಕ್ಯಾಗ ಬೆವರು ನಿಂತು ಬೂಷ್ಟಿನ ಸೋಂಕು ಹಿಡೀತದ, ತುರಸೂ ತಿಳಿಯಂಗಿಲ್ಲ, ಅದಕ್ಕ ದಿನಾ ಕನ್ನಡಿಯೊಳಗ ನೋಡಿ ಒಣಗಿಸಬೇಕು.

ಬ್ಲೌಸಿನ್ಯಾಗ ಅರಿವಿ ಇಡೋದಕ್ಕ ನಾಚಿಕಿ ಪಡಬ್ಯಾಡ ಅಂತ ಹೇಳ್ರಿ. ಟೇಲರ್ ಹತ್ರ ಬ್ಲೌಸ್ ಒಳಗ ಹತ್ತಿ ಅರಿವಿದೊಂದು ಜೇಬು ಹೊಲಿಸಿ, ಬೇಕಾದಷ್ಟೇ ದಪ್ಪದ ಹಗುರ ಪ್ಯಾಡ್ ಇಟ್ಟರ ಜಾರಂಗಿಲ್ಲ. ಬ್ಲೌಸ್ ಹುಕ್ ಮುಂದಿರಲಿ, ಭುಜ ಹಿಂದಕ್ಕ ತಿರುಗಸೋದು ತಪ್ಪತದ.

ಪ್ರಶ್ನಾವಳಿ ಓದಾಕ ಬರದವರಿಗೆ ನಗು ಮುಖ, ಅಳು ಮುಖದ ಚಿತ್ರ ತೋರಿಸಿ ಕೇಳಿದರ ಸಲೀಸು ಅಂತ ನನ್ನ ಅಭಿಪ್ರಾಯ.

---

ಬಿದರಿ_ಕುಸುರಿ

ಭೀಮಾ_ತೀರ ಅಣ್ಣಾವ್ರೆ, ಕಾವಿನ ಮಾತು ಹೇಳಿದ್ದು ಬಹಳ ಒಳ್ಳೆಯದಾಯಿತು, ಯಾವ ಡಿಸ್ಚಾರ್ಜ್ ಕಾರ್ಡಿನಲ್ಲೂ ಅದು ಇರುವುದಿಲ್ಲ. ಮುಖದ ಚಿತ್ರಗಳು ಮಾತ್ರ ಬೇಡ. ಸ್ತನದ ಸಮಾಧಾನದ ಉತ್ತರಗಳು ನಾಲ್ಕು: ಬಹಳ ಅಸಮಾಧಾನ, ಸ್ವಲ್ಪ ಅಸಮಾಧಾನ, ಸ್ವಲ್ಪ ಸಮಾಧಾನ, ಬಹಳ ಸಮಾಧಾನ. ನಡುವಿನ ಉತ್ತರವೇ ಇಲ್ಲ. ಮುಖ ತೋರಿಸಿದರೆ ನಗುವ ಮುಖವನ್ನೇ ಮುಟ್ಟುತ್ತಾರೆ, ಮತ್ತೆ ‘ಛಲೋ ಅದರಿ’ಗೇ ಬಂದು ನಿಲ್ಲುತ್ತದೆ. ಪ್ರಶ್ನೆಯನ್ನು ಇದ್ದ ಹಾಗೆಯೇ ಓದಿ, ನಾಲ್ಕೂ ಉತ್ತರವನ್ನು ಪ್ರತಿ ಸಲ ಪೂರ್ತಿ ಓದಿ. ಎರಡನೆಯ ಸಲ ಓದಿದರೂ ತಿಳಿಯದಿದ್ದರೆ ಖಾಲಿ ಬಿಡಿ, ನಿಮ್ಮ ಮಾತಿನಲ್ಲಿ ಬಿಡಿಸಿ ಹೇಳಬೇಡಿ. ಒಬ್ಬರಿಗೆ ಮೊದಲ ಸಲ ಓದಿ ಹೇಳಿದ್ದರೆ ಮುಂದಿನ ಸಲವೂ ಓದಿಯೇ ಹೇಳಬೇಕು.

ದಾಂಪತ್ಯದ ಮಾಪಕಕ್ಕೆ ಬಂದಾಗ “ಮುಂದಿನ ಪ್ರಶ್ನೆಗಳು ಗಂಡ ಹೆಂಡಿರ ವಿಷಯದವು, ಬೇಡವಾದರೆ ಬಿಡಬಹುದು” ಎಂದು ಹೇಳಿ ನಿಲ್ಲಿಸಿ. ವಿಧವೆ, ವಯಸ್ಸಾದವರು ಎಂದು ನೀವೇ ಬಿಟ್ಟುಬಿಡಬೇಡಿ. ಬಿಡುವ ಹಕ್ಕು ಆಕೆಯದು. ಖಾಲಿ ಬಿಟ್ಟದ್ದನ್ನು 0 ಎಂದು ತುಂಬಬೇಡಿ.

---

ಕೋಟೆ_ಬಾಗಿಲು

ಸಮಾಲೋಚನೆಯ ಕೆಲಸದವರ ಕಡೆಯಿಂದ ಎರಡು ಮಾತು. ಆಪರೇಷನ್‌ಗೆ ಮೊದಲು ಎಷ್ಟು ನಿಜ ಹೇಳಿದ್ದೇವೆ ಎಂಬುದು ಆಮೇಲಿನ ಸಮಾಧಾನದಲ್ಲಿ ಕಾಣುತ್ತದೆ. ‘ಮೊದಲಿನ ಹಾಗೇ ಆಗುತ್ತದೆ’ ಎಂಬ ವಾಕ್ಯವನ್ನು ಯಾರೂ ಆಡಬಾರದು. ಫೋಟೋ ತೋರಿಸುವಾಗ ಒಳ್ಳೆಯದಾದವುಗಳ ಜೊತೆ ಸಾಧಾರಣವಾದವೂ ಇರಲಿ, ನಮ್ಮ ಮೈಬಣ್ಣದವರದಿರಲಿ. ಕಪ್ಪು ಚರ್ಮದಲ್ಲಿ ಕಲೆ ಉಬ್ಬುವುದು ಹೆಚ್ಚು, ಬಿಳಿಚರ್ಮದ ಫೋಟೋ ನೋಡಿ ಒಪ್ಪಿದವರಿಗೆ ಮೋಸ ಆದಂತಾಗುತ್ತದೆ.

ಎಷ್ಟು ಸಲ ಆಪರೇಷನ್ ಟೇಬಲ್ ಮೇಲೆ ಮಲಗಬೇಕು ಎಂಬ ಲೆಕ್ಕ ಮೊದಲೇ ಕೊಡಿ. ತೊಟ್ಟು ಮಾಡುವುದು ಸಾಮಾನ್ಯವಾಗಿ 3ರಿಂದ 6 ತಿಂಗಳ ನಂತರ, ಅದರ ಉಬ್ಬು ಅರ್ಧದಷ್ಟು ಇಳಿಯುತ್ತದೆ, ಅದಕ್ಕೇ ಮೊದಲು ದೊಡ್ಡದಾಗಿ ಮಾಡಿರುತ್ತಾರೆ. ಆಮೇಲೆ ಹಚ್ಚೆ ಹಾಕಿ ಬಣ್ಣ. ಇನ್ನೊಂದು ಸ್ತನವನ್ನು ಎತ್ತಿ ಅಥವಾ ಸಣ್ಣ ಮಾಡಿ ಸಮ ಮಾಡುವುದು ಬೇರೆ ಆಪರೇಷನ್. ಕೊಬ್ಬು ತುಂಬಿದರೆ ಒಂದಷ್ಟು ಪಾಲು ದೇಹ ಹೀರಿಕೊಳ್ಳುತ್ತದೆ, ಮತ್ತೆ ತುಂಬಬೇಕಾಗಬಹುದು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಕಾರ್ಡ್ ಇದ್ದವರು ಮೊದಲ ಆಪರೇಷನ್ನಿಗೆ ಮುಂಚೆಯೇ ಆಸ್ಪತ್ರೆಯ ಆರೋಗ್ಯಮಿತ್ರರ ಹತ್ತಿರ ಹೋಗಿ ಮರುರಚನೆಗೆ, ಮುಂದಿನ ಹಂತಗಳಿಗೆ ಮಂಜೂರಾತಿ ಹೇಗೆ ಎಂದು ಕೇಳಿಸಿಕೊಳ್ಳಬೇಕು. ಅರ್ಧಕ್ಕೆ ನಿಂತ ಕೆಲಸದಷ್ಟು ಮನಸ್ಸು ಕೆಡಿಸುವುದು ಬೇರೆ ಇಲ್ಲ.

ಗಡಸು ಗಂಟಿನ ಮಾತು ಮೇಲೆ ಯಾರೂ ಹೇಳಿಲ್ಲ. ಫ್ಲಾಪಿನ ಕೊಬ್ಬಿಗೆ ರಕ್ತ ಸಾಲದೆ ಒಂದು ಭಾಗ ಸತ್ತರೆ ಅಲ್ಲಿ ಗಟ್ಟಿ ಗಂಟಾಗುತ್ತದೆ. ಕೈಗೆ ಸಿಕ್ಕ ದಿನ ಆಕೆ ‘ಬ್ಯಾನಿ ತಿರುಗಿ ಬಂತು’ ಎಂದುಕೊಂಡು ಊಟ ಬಿಡುತ್ತಾಳೆ. ಇಂಥದ್ದು ಆಗಬಹುದು ಎಂದು ಮೊದಲೇ ಹೇಳಿಡಿ, ಗಂಟು ಸಿಕ್ಕರೆ ವಾರದೊಳಗೆ ಅಲ್ಟ್ರಾಸೌಂಡ್ ಮಾಡಿಸಿ, ಅನುಮಾನ ಇದ್ದರೆ ಸೂಜಿ ಪರೀಕ್ಷೆ. ‘ಏನಿಲ್ಲ ಬಿಡವ್ವ’ ಎಂದು ಕೈಯಿಂದ ಮುಟ್ಟಿ ಕಳಿಸಬಾರದು.

ಮತ್ತೆ, ಮರುರಚನೆ ಬೇಡ ಎನ್ನುವುದೂ ಒಂದು ಪೂರ್ಣ ಆಯ್ಕೆ. ಹಾಗೆ ಆರಿಸಿದವರಿಗೆ ಎದೆ ಸಪಾಟಾಗಿ, ಕಂಕುಳ ಹತ್ತಿರ ಹೆಚ್ಚುವರಿ ಚರ್ಮ ಕಿವಿಯ ಹಾಗೆ ಮಡಿಕೆಯಾಗಿ ಉಳಿಯದ ಹಾಗೆ ಹೊಲಿಯುವುದೂ ಸರ್ಜನ್ನರ ಜವಾಬ್ದಾರಿ.

---

ತೊಗರಿ_ಕಣಜ

ಎಲ್ಲರಿಗೂ ಭಾಳ ಉಪಕಾರ. ಮುಂದಿನ ತಿಂಗಳಿಂದ ಆಪರೇಷನ್‌ಗೆ ಮೊದಲಿನ ರೂಪ ಶುರುಮಾಡ್ತೀವಿ. ಮೊದಲಿಗೆ ಸ್ತನದ ಸಮಾಧಾನ, ದೈಹಿಕ ಆರಾಮ ಈ ಎರಡು ಮಾಪಕ, ಆಪರೇಷನ್ ಆದ ಮ್ಯಾಲ ಮಾಹಿತಿದೂ ಸೇರಿ ಮೂರು. ಒಂದು ಅನುಮಾನ ಉಳಿತು: ‘1 ವರ್ಷ’ ಅಂದ್ರ ಯಾವ ದಿನದಿಂದ ಎಣಿಸಬೇಕು? ಎಕ್ಸ್‌ಪಾಂಡರ್ ಹಾಕಿದವರಿಗೆ ಆಗ ಇಂಪ್ಲಾಂಟ್ ಬದಲಾಯಿಸಿ ಎರಡು ತಿಂಗಳೂ ಆಗಿರಂಗಿಲ್ಲ.

---

ಬಿದರಿ_ಕುಸುರಿ

ಎರಡು ತಾರೀಖು ಬರೆದಿಡಿ: ಮರುರಚನೆ ಶುರುವಾದ ದಿನ, ಸ್ತನದ ಆಕಾರ ಮುಗಿದ ದಿನ. ಎಲ್‌ಡಿಗೆ ಎರಡೂ ಒಂದೇ, ಎಕ್ಸ್‌ಪಾಂಡರಿಗೆ ಬೇರೆ. ತೊಟ್ಟು, ಹಚ್ಚೆಗಳನ್ನು ಈ ಲೆಕ್ಕಕ್ಕೆ ತರಬೇಡಿ, ಆದವೋ ಇಲ್ಲವೋ ಎಂದು ಪಕ್ಕದಲ್ಲಿ ಬರೆದರೆ ಸಾಕು. ಎಲ್ಲರನ್ನೂ ಶುರುವಾದ ದಿನದಿಂದಲೇ ಎಣಿಸಿ ಕರೆಯಿರಿ, ಇಲ್ಲದಿದ್ದರೆ ಅರ್ಧಕ್ಕೆ ಬಿಟ್ಟವರು ಲೆಕ್ಕದಿಂದಲೇ ಬಿದ್ದುಹೋಗುತ್ತಾರೆ. ಎಕ್ಸ್‌ಪಾಂಡರಿನವರ ಅಂಕ ಓದುವಾಗ ಎರಡನೆಯ ತಾರೀಖು ನೋಡಿ, 3 ತಿಂಗಳು ತುಂಬಿಲ್ಲವಾದರೆ ಬೇರೆ ಸಾಲಿನಲ್ಲಿ ಇಡಿ. ರೇಡಿಯೇಷನ್ ಮುಗಿದ ತಾರೀಖಿಗೂ ಒಂದು ಕಾಲಂ ಇರಲಿ.